ಒಮೇನ್ಯದಲ್ಲಿ ಕಲಿತ ಕಾಫಿ

ಕನ್ನಡಿಗರಿಗೆ ಕಾಫಿ ಮಾಡುವುದನ್ನು ಹೇಳಿಕೊಡಹೊರಡುವುದು ಮೈಸೂರಿನವರಿಗೆ ದಸರೆಯ ವರ್ಣನೆ ಮಾಡಿದಂತೆ. ಇದು ನಮಗೆ ತಿಳಿಯದ ಸಂಗತಿಯಲ್ಲ. ಆದರೂ ನಮ್ಮ ಸಂಘದ ಪತ್ರಿಕೆಯ ಸಂಪಾದಕರು, "ಇಟಲಿಗೆ ಹೋಗಿ ಬಂದಿದ್ದೀರಿ, ಏನಾದರೂ ಬರೆದುಕೊಡಿ" ಎಂದು ಎರಡು ಸಲ ಕೇಳಿದ ಮೇಲೆ ಕುಳಿತು ಯೋಚಿಸಿದರೆ, ರೋಮಿನ ಹಾಳು ಗೋಡೆಗಳಾಗಲಿ ವೆನಿಸ್ಸಿನ ದೋಣಿಗಳಾಗಲಿ ಮನಸ್ಸಿಗೆ ಬರಲೊಲ್ಲವು. ಅವುಗಳ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಎಷ್ಟೋ ಮಂದಿ ಬರೆದಿದ್ದಾರೆ. ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಸರೋವರದ ದಂಡೆಯ ಒಂದು ಸಣ್ಣ ಊರು, ಮತ್ತು ಎಂಟು ಮುಖದ ಒಂದು ಅಲ್ಯೂಮಿನಿಯಂ ಪಾತ್ರೆ. ಅದನ್ನೇ ಬರೆಯುತ್ತೇವೆ. ಓದುಗರು ಮನ್ನಿಸಬೇಕು.

ಮೊದಲು ಸ್ವಲ್ಪ ಹಿಂದಿನ ಕಥೆ. ನಾವು ಮಾಟುಂಗಾದಲ್ಲಿ ನೆಲೆಸಿ ನಲವತ್ತು ವರುಷಗಳಾದುವು. ಹಾಸನದ ಕಡೆಯಿಂದ ಹೊರಟು ಬಂದಾಗ ನಮ್ಮ ಟ್ರಂಕಿನಲ್ಲಿದ್ದ ಸಾಮಾನುಗಳಲ್ಲಿ ಕೊನೆಯತನಕ ಉಳಿದುದು ಒಂದೇ. ನಮ್ಮ ತಾಯಿಯವರ ಹಿತ್ತಾಳೆಯ ಫಿಲ್ಟರು. ಎಂಟು ವರುಷಗಳ ಕೆಳಗೆ ಮಗಳಿಗೆ ಮಿಲಾನಿನಲ್ಲಿ ಕೆಲಸವಾದಾಗ ನಮ್ಮಾಕೆ ಅದನ್ನು ಹುಣಿಸೆಹಣ್ಣಿನಿಂದ ಉಜ್ಜಿ ಫಳಫಳನೆ ಮಾಡಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಗಳ ಪೆಟ್ಟಿಗೆಯಲ್ಲಿ ಇಟ್ಟಳು. ಅಂದಿನಿಂದ ನಮಗೆ ಸ್ಟೀಲಿನ ಫಿಲ್ಟರೇ ಗತಿಯಾಯಿತು. ಮಿಲಾನಿನ ಕಡೆಗೆ ಹೋಗುವವರು ಯಾರೇ ಇರಲಿ, ಪರಿಚಯವಿರಲಿ ಇಲ್ಲದಿರಲಿ, ಅವರ ಕೈಯಲ್ಲಿ ಅರ್ಧ ಕಿಲೋ ಕಾಫಿ ಪುಡಿ ಹೋಗಲೇಬೇಕು: ೮೦ ಭಾಗ ಕಾಫಿ, ೨೦ ಭಾಗ ಚಿಕೋರಿ. ಒಮ್ಮೆ ಪುಡಿ ಒಯ್ದವರೊಬ್ಬರು ವಿಮಾನದಲ್ಲಿ ಅಕ್ಕಪಕ್ಕದವರೆಲ್ಲ ತಮ್ಮ ಚೀಲವನ್ನೇ ಮೂಸುತ್ತಿದ್ದರೆಂದು ಬಂದು ಹೇಳಿದರು. ನಮ್ಮಾಕೆಗೆ ಅದು ಬಿರುದು ಬಂದಷ್ಟು ಸಂತೋಷವನ್ನು ಕೊಟ್ಟಿತು.

೨೦೨೪ರ ಏಪ್ರಿಲಿನಲ್ಲಿ ನಾವೇ ಹೊರಟೆವು. ಪುಡಿಯನ್ನು ಮರೆಯಲಿಲ್ಲ, ಈ ಸಲ ಒಂದು ಕಿಲೋ.

ಮಿಲಾನಿನಲ್ಲಿ ಮೊದಲನೆಯ ಬೆಳಿಗ್ಗೆ. ಹೊಸ ಊರು, ನಿದ್ರೆ ಸರಿಯಾಗಿಲ್ಲ, ಐದು ಗಂಟೆಗೇ ಎದ್ದು ಕುಳಿತಿದ್ದೇವೆ. ಅಡಿಗೆಮನೆಯಲ್ಲಿ ಗರಗರನೆ ಏನೋ ಬೀಸುವ ಸದ್ದು, ಅನಂತರ ಒಂದು ಯಂತ್ರದ ಗುಂಯ್‌ಗುಟ್ಟುವಿಕೆ. ಮಗಳು ತಟ್ಟೆಯಲ್ಲಿ ಎರಡು ಪುಟ್ಟ ಪಿಂಗಾಣಿ ಬಟ್ಟಲುಗಳನ್ನು ತಂದಿಟ್ಟಳು. ತಳದಲ್ಲಿ ಎರಡು ಗುಟುಕು ಕಪ್ಪು ಕಾಫಿ, ಅದರ ಮೇಲೆ ಹೊಂಬಣ್ಣದ ತೆಳು ನೊರೆ. ಹಾಲಿಲ್ಲ.

"ಇದೇನೇ ಇದು, ಕಣ್ಣಿಗೆ ಬಿಡೋ ಔಷಧಿ ಇದ್ದ ಹಾಗಿದೆ?" ಎಂದಳು ನಮ್ಮಾಕೆ.

"ಎಸ್ಪ್ರೆಸೋ ಅಮ್ಮ. ಇಲ್ಲಿ ಎಲ್ಲರೂ ಹೀಗೇ ಕುಡಿಯೋದು. ರುಚಿ ನೋಡು."

ರುಚಿ ನೋಡಿದೆವು. ಕೆಟ್ಟದಾಗಿರಲಿಲ್ಲ, ಆದರೆ ಲೋಟ ಬಟ್ಟಲಿನಲ್ಲಿ ಎತ್ತಿ ಸುರಿದು ಕುಡಿದ ಬಾಯಿಗೆ ಅದು ಶುರುವಾಗುವ ಮುಂಚೆಯೇ ಮುಗಿದುಹೋಯಿತು. ನಮ್ಮಾಕೆ ಏಳುತ್ತ ಸುಮ್ಮನೆ ಅಡಿಗೆಮನೆಯ ಸುತ್ತ ಕಣ್ಣಾಡಿಸಿದಳು. ಕಪಾಟಿನ ತುತ್ತತುದಿಯ ಅರೆಯಲ್ಲಿ ಹಿತ್ತಾಳೆಯ ಫಿಲ್ಟರು ಇದ್ದಿತು. ಅದರಲ್ಲಿ ಮರದ ಸೌಟುಗಳನ್ನು ನಿಲ್ಲಿಸಿದ್ದರು. ಅವಳು ಏನೂ ಹೇಳಲಿಲ್ಲ. ನಲವತ್ತು ವರುಷ ಸಂಸಾರ ಮಾಡಿದವರಿಗೆ ಆ ಮೌನದ ಅರ್ಥ ತಿಳಿಯುತ್ತದೆ.

ಆ ವಾರವೆಲ್ಲ ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ಊರು ಸುತ್ತಿದೆವು. ಮಿಲಾನಿನಲ್ಲಿ ಬೀದಿಗೊಂದು ಕಾಫಿ ಅಂಗಡಿ. ಅದನ್ನು ಅವರು ಬಾರ್ ಎನ್ನುತ್ತಾರೆ. ಆ ಹೆಸರಿಗೆ ಮೊದಲ ದಿನ ನಾವು ಒಳಗೆ ಕಾಲಿಡಲು ಹಿಂಜರಿದುದುಂಟು. ಒಳಗೆ ಹೋದರೆ ಕೋಟು ತೊಟ್ಟ ಗುಮಾಸ್ತರೂ ಕಸ ಗುಡಿಸುವವರೂ ಒಂದೇ ಕಟ್ಟೆಗೆ ಒರಗಿ ನಿಂತು, ಮೂರು ಗುಟುಕಿನಲ್ಲಿ ಮುಗಿಸಿ, ಒಂದು ಯೂರೋ ಮೇಲೆ ಚಿಲ್ಲರೆ ಇಟ್ಟು ಹೊರಟೇಬಿಡುತ್ತಾರೆ. ಕುಳಿತು ಕುಡಿದರೆ ದರ ಹೆಚ್ಚು. ಹಾಲು ಬೆರೆಸಿದ ಕಾಪುಚಿನೋ ಬೆಳಗಿನ ಹೊತ್ತಿಗೆ ಮಾತ್ರ. ಊಟವಾದ ಮೇಲೆ ಅದನ್ನು ಕೇಳಿದರೆ ಅಂಗಡಿಯಾತ ನಮ್ಮ ಆರೋಗ್ಯ ವಿಚಾರಿಸುವವನಂತೆ ನೋಡುತ್ತಾನೆ.

ಈ ಕಾಫಿ ಹುಟ್ಟಿ ಬೆಳೆದುದು ಇದೇ ಸೀಮೆಯಲ್ಲಿ. ಪಕ್ಕದ ತೂರಿನ್ ನಗರದ ಆಂಜೆಲೋ ಮೊರಿಯೊಂದೋ ಎಂಬಾತ ೧೮೮೪ರಲ್ಲಿ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟು ಪಡೆದ. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆತ್ಸೆರಾ ಅದನ್ನು ಒಂದೊಂದೇ ಬಟ್ಟಲು ಇಳಿಯುವ ಹಾಗೆ ಮಾಡಿದ. ೧೯೦೬ರ ಮಿಲಾನ್ ವಸ್ತುಪ್ರದರ್ಶನದಲ್ಲಿ ಜನ ಅದನ್ನು ಕುಡಿದು ನೋಡಿದರು. ಆದರೆ ಆಗಿನದರಲ್ಲಿ ಹಬೆಯ ಸುಟ್ಟ ವಾಸನೆ ಇರುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಇದೇ ಊರಿನ ಅಕೀಲೆ ಗಾಜ್ಜಿಯಾ ಸ್ಪ್ರಿಂಗು ಹಚ್ಚಿದ ಹಿಡಿಯನ್ನು ಜಗ್ಗಿ, ಹಬೆಯ ಬದಲು ಬಿಸಿನೀರನ್ನೇ ಬಲು ಜೋರಾಗಿ ಪುಡಿಯೊಳಗೆ ನುಗ್ಗಿಸುವ ಯಂತ್ರ ಮಾಡಿದ. ಮೇಲೆ ನಿಲ್ಲುವ ಹೊಂಬಣ್ಣದ ನೊರೆ ಮೊದಲು ಬಂದುದು ಆಗಲೇ. ಎಸ್ಪ್ರೆಸೋ ಎಂದರೆ ಒತ್ತಿ ತೆಗೆದದ್ದು ಎಂದೂ ಅರ್ಥ, ಕೇಳಿದವರಿಗಾಗಿ ಆ ಕ್ಷಣವೇ ಮಾಡಿದ್ದು ಎಂದೂ ಅರ್ಥ. ಈ ಎರಡನೆಯ ಅರ್ಥವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಇದೆಲ್ಲ ಅಂಗಡಿಯ ಕಥೆ. ಅದು ಮನೆಗೆ ಬಂದ ಕಥೆ ತಿಳಿಯಬೇಕಾದರೆ ಒಮೇನ್ಯಕ್ಕೆ ಹೋಗಬೇಕು ಎಂದರು ಅಳಿಯಂದಿರು. ಭಾನುವಾರ ಬಿಟ್ಟು ಶನಿವಾರವೇ ಹೋಗೋಣ, ಅಂಗಡಿಗಳು ತೆರೆದಿರುತ್ತವೆ ಎಂದು ಅವರ ಕಾರಿನಲ್ಲಿ ಹೊರಟೆವು. ಮಿಲಾನಿನಿಂದ ವಾಯುವ್ಯಕ್ಕೆ ಸುಮಾರು ೧೦೦ ಕಿಲೋಮೀಟರು. ಬತ್ತದ ಬಯಲು ಹಿಂದಾಗಿ, ಗುಡ್ಡಗಳೆದ್ದು, ಅವುಗಳ ಹಿಂದೆ ಹಿಮದ ಶಿಖರಗಳು ಕಂಡವು. ಇಟಲಿಯಲ್ಲಿ ಬತ್ತದ ಗದ್ದೆಯೇ ಎಂದು ನಮ್ಮಾಕೆಗೆ ಸೋಜಿಗ. ವಾರದಲ್ಲಿ ಮೊದಲ ಸಲ ಮನಸ್ಸು ಬಿಟ್ಟು ಮಾತಾಡಿದಳು.

ಒರ್ತಾ ಸರೋವರ ಬಲು ಚಿಕ್ಕದು, ಬಲು ಶಾಂತವಾದುದು. ನಡುವೆ ಸಂತ ಜೂಲಿಯೋನ ದ್ವೀಪ, ಅದರ ತುಂಬ ಹಳೆಯ ಕಲ್ಲುಕಟ್ಟಡಗಳು. ಆ ಸೀಮೆಯ ದೊಡ್ಡ ಸರೋವರಗಳ ನೀರೆಲ್ಲ ದಕ್ಷಿಣದ ಬಯಲಿಗೆ ಹರಿದರೆ, ಒರ್ತಾದ ನೀರು ಮಾತ್ರ ಉತ್ತರಕ್ಕೆ, ಆಲ್ಪ್ಸ್ ಬೆಟ್ಟಗಳಿರುವ ಕಡೆಗೆ ಹೊರಡುತ್ತದೆ. ಆ ಹೊಳೆಯ ಹೆಸರು ನಿಗೋಲ್ಯ. ಅದು ಹೊರಡುವ ತುದಿಯಲ್ಲಿಯೇ ಒಮೇನ್ಯ ಊರು. ನೀರು ಎದುರು ದಿಕ್ಕಿಗೆ ನಡೆಯುವ ಊರಿನಲ್ಲಿಯೇ ನೀರು ಮೇಲಕ್ಕೆ ಹತ್ತುವ ಕಾಫಿ ಪಾತ್ರೆಯೂ ಹುಟ್ಟಿತೆಂದು ನಾವು ನಕ್ಕೆವು.

ಒಮೇನ್ಯ ಪಾತ್ರೆಗಳ ಊರು. ಬಿಯಲೆತ್ತಿ, ಅಲೆಸ್ಸಿ, ಲಗೊಸ್ತಿನಾ ಎಂಬ ಹೆಸರಾಂತ ಪಾತ್ರೆಯ ಮನೆತನಗಳು ಬೆಳೆದುದು ಇಲ್ಲಿಯೇ. ಇಟಲಿಯವರ ಪ್ರೆಷರ್ ಕುಕ್ಕರುಗಳೂ ಇಲ್ಲಿಂದ ಹೊರಟವೆಂದು ತಿಳಿದು ನಮ್ಮಾಕೆ ಊರಿಗೆ ಇನ್ನಷ್ಟು ಮರ್ಯಾದೆ ಕೊಟ್ಟಳು. ಹಳೆಯ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಟ್ಟಿರುವುದು ರಾಜರ ಕತ್ತಿ ಕಿರೀಟಗಳಲ್ಲ. ಬಾಣಲೆ, ಸೌಟು, ಕೆಟಲು, ಕಾಫಿಯ ಪಾತ್ರೆ.

ಒಮೇನ್ಯಕ್ಕೆ ಸೇರಿದ ಕ್ರುಸಿನಾಲ್ಲೋ ಎಂಬಲ್ಲಿ ಅಲ್ಫೊನ್ಸೋ ಬಿಯಲೆತ್ತಿ ಎಂಬಾತ ೧೯೧೯ರಲ್ಲಿ ಅಲ್ಯೂಮಿನಿಯಂ ಎರಕದ ಸಣ್ಣ ಕಾರ್ಖಾನೆ ಇಟ್ಟಿದ್ದ. ಆಗ ಆ ಸೀಮೆಯ ಹೆಂಗಸರು ಬಟ್ಟೆ ಬೇಯಿಸುವ ಹಂಡೆಯಲ್ಲಿ ನಡುವೆ ಒಂದು ಕೊಳವೆ ಇರುತ್ತಿತ್ತಂತೆ. ನೀರು ಕುದಿದಂತೆ ಸಾಬೂನಿನ ನೀರು ಕೊಳವೆಯಲ್ಲಿ ಮೇಲೇರಿ ಬಟ್ಟೆಯ ಮೇಲೆ ಸುರಿಯುತ್ತಿತ್ತು. ಅದನ್ನು ಕಂಡೇ ಆತನಿಗೆ ಕಾಫಿ ಪಾತ್ರೆಯ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ೧೯೩೩ರಲ್ಲಿ ಎಂಟು ಮುಖದ ಆ ಪಾತ್ರೆ ಬಂದಿತು. ಹೆಸರು ಮೋಕಾ, ಕಾಫಿಗೆ ಹೆಸರಾದ ಯೆಮೆನ್ ದೇಶದ ಮೋಕಾ ಬಂದರಿನ ಹೆಸರು. ಅಂಗಡಿಯ ಕಟ್ಟೆಯ ಬಳಿ ಗಂಡಸರು ನಿಂತು ಕುಡಿಯುತ್ತಿದ್ದ ಗಟ್ಟಿ ಕಾಫಿ ಅಂದಿನಿಂದ ಮನೆಯ ಒಲೆಗೆ ಬಂದಿತು. ಯುದ್ಧದ ತರುವಾಯ ಮಗ ರೆನಾತೋ ಅದನ್ನು ಇಟಲಿಯ ಮನೆಮನೆಗೂ ಮುಟ್ಟಿಸಿದ. ೨೦೧೬ರಲ್ಲಿ ಆತ ೯೩ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಮಕ್ಕಳು ಅವನ ಚಿತಾಭಸ್ಮವನ್ನು ದೊಡ್ಡದೊಂದು ಮೋಕಾ ಪಾತ್ರೆಯಲ್ಲಿಟ್ಟು ಚರ್ಚಿಗೆ ತಂದರು. ಕೇಳಿದಾಗ ನಗು ಬಂದಿತು; ಆಮೇಲೆ ಬರಲಿಲ್ಲ. ದುಡಿದ ಪಾತ್ರೆಯಲ್ಲಿಯೇ ಹೋಗುವ ಭಾಗ್ಯ ಎಷ್ಟು ಜನಕ್ಕಿದ್ದೀತು?

ಊರಿನ ಒಂದು ಓಣಿಯಲ್ಲಿ ಹುರಿದ ಕಾಫಿ ಮಾರುವ ಅಂಗಡಿ ಇದ್ದಿತು. ಗಲ್ಲೆಯ ಮೇಲೆ ನಮ್ಮಾಕೆಯ ವಯಸ್ಸಿನ ಅಮ್ಮನೊಬ್ಬರು. ಗೋಡೆಗೆ ಆನಿಸಿದ ಗೋಣಿಚೀಲಗಳಲ್ಲಿ ಒಂದರ ಮೇಲೆ ಇಂಡಿಯಾ ಎಂಬ ಮುದ್ರೆ ಕಂಡು ನಾವು ಬೆರಳು ತೋರಿಸಿದೆವು. ಮಗಳು ನಡುವೆ ನಿಂತು ಭಾಷೆ ತಿರುಗಿಸಿದಳು. "ಅದು ರೊಬಸ್ಟಾ. ಒಳ್ಳೆಯ ಎಸ್ಪ್ರೆಸೋದ ಮಿಶ್ರಣಕ್ಕೆ ಸ್ವಲ್ಪ ಬೆರೆಸುತ್ತೇವೆ, ನೊರೆ ದಪ್ಪವಾಗಿ ನಿಲ್ಲುವುದು ಅದರಿಂದಲೇ" ಎಂದರಂತೆ. ಭಾರತದ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಒಂದೆಂದೂ, ನಮ್ಮ ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಚಿಕ್ಕಮಗಳೂರು, ಕೊಡಗು, ಹಾಸನಗಳದೆಂದೂ ಓದಿದ್ದೆವು. ಓದುವುದು ಬೇರೆ, ಆಲ್ಪ್ಸ್ ಬೆಟ್ಟದ ಬುಡದಲ್ಲಿ ಆ ಗೋಣಿಯನ್ನು ಮುಟ್ಟಿ ನೋಡುವುದು ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಲ್ಲ.

ಕಾಲು ಕಿಲೋ ಕೊಡಿ ಎಂದೆವು. "ಯಾವ ಪಾತ್ರೆಗೆ? ಮನೆಯಲ್ಲಿ ಬೀಸುವ ಯಂತ್ರವಿದೆಯೇ?" ಎಂದು ಆಕೆ ಕೇಳಿದರು. ಇದೆ ಎಂದಳು ಮಗಳು. ಹಾಗಾದರೆ ಪುಡಿ ಮಾಡಿ ಕೊಡುವುದೇ ಇಲ್ಲವೆಂದು ಬೀಜವನ್ನೇ ಕಟ್ಟಿದರು. ಹುರಿದ ಬೀಜ ಒಂದು ವಾರ ಆರಿದ ಮೇಲೆ ರುಚಿಗೆ ಬರುತ್ತದೆ, ಕೆಲವು ವಾರ ಹಾಗೇ ಇರುತ್ತದೆ. ಬೀಸಿದ ಪುಡಿಯ ಘಮ ಗಂಟೆಗಳ ಲೆಕ್ಕದಲ್ಲಿ ಹಾರುತ್ತದೆ, ಕೆಲವು ದಿನ ಕಳೆದರೆ ಉಳಿಯುವುದು ಬಣ್ಣ ಮತ್ತು ಕಹಿ ಮಾತ್ರ: ಇಷ್ಟನ್ನು ಆಕೆ ಬೆರಳು ಮಡಿಸಿ ಹೇಳಿದರು. ಮಗಳು ತಿರುಗಿಸಿ ಹೇಳುತ್ತ ಹೇಳುತ್ತ ಕೊನೆಯ ಮಾತನ್ನು ನುಂಗಿದಳು. ನುಂಗಿದುದು ನಮ್ಮಾಕೆಗೆ ತಿಳಿಯಿತು.

ಹಿಂದಿರುಗುವಾಗ ಕಾರಿನಲ್ಲಿ ಅವಳು ಲೆಕ್ಕ ಹಾಕುತ್ತಿದ್ದಳು. ನಾವು ಪುಡಿ ಕೊಂಡ ದಿನ, ಹೋಗುವವರು ಸಿಗಲೆಂದು ಕಾದ ದಿನ, ಅವರು ಅಲ್ಲಿ ತಲುಪಿ ಮಗಳಿಗೆ ಬಿಡುವಾಗಿ ಹೋಗಿ ತಂದ ದಿನ. ಎರಡು ತಿಂಗಳಿಗೆ ಕಡಮೆ ಎಂದೂ ಆಗಿರಲಿಲ್ಲ.

"ನಾನು ಕಳಿಸಿದ್ದನ್ನ ಏನು ಮಾಡಿದೆ?" ಎಂದು ರಾತ್ರಿ ಕೇಳಿದಳು. ಸಿಟ್ಟಿನಿಂದಲ್ಲ.

ಮಗಳು ಕಪಾಟಿನ ಕೆಳಗಿನ ಬಾಗಿಲು ತೆಗೆದಳು. ಒಂಬತ್ತು ಪೊಟ್ಟಣಗಳು, ಮಾಟುಂಗಾದ ಅಂಗಡಿಯ ಮೊಹರು, ನಮ್ಮಾಕೆಯ ಕೈಬರಹ, ಬಿಚ್ಚದ ದಾರ. "ಮೊದಲೆರಡು ವರ್ಷ ಮಾಡಿ ಕುಡಿದೆ ಅಮ್ಮ. ಊರಿನ ರುಚಿ ಬರಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ಕಳಿಸಬೇಡ ಅಂತ ಹೇಳೋಕೆ ಬಾಯಿ ಬರಲಿಲ್ಲ, ಎಸೆಯೋಕೆ ಮನಸ್ಸು ಬರಲಿಲ್ಲ."

ಯಾರೂ ಅಳಲಿಲ್ಲ. ನಮ್ಮಾಕೆ ಒಂದು ಪೊಟ್ಟಣ ಬಿಚ್ಚಿ ಮೂಸಿ, "ಮಣ್ಣಿನ ವಾಸನೆ ಕಣೇ" ಎಂದಳು. ಅನಂತರ ಒಂಬತ್ತನ್ನೂ, ನಾವು ತಂದ ಒಂದು ಕಿಲೋದಲ್ಲಿ ಅರ್ಧವನ್ನೂ, ತನ್ನ ಕೈಯಾರೆ ಬಾಲ್ಕನಿಯ ಹೂಕುಂಡಗಳ ಮಣ್ಣಿಗೆ ಸ್ವಲ್ಪ ಬೆರೆಸಿ, ಉಳಿದುದನ್ನು ಕಸದ ಚೀಲಕ್ಕೆ ಸುರಿದಳು. ಎಂಟು ವರುಷ ಪ್ರೀತಿಯಿಂದ ಕಳುಹಿಸಿದುದು ಹಳಸಲಾಗಿತ್ತು ಎಂದು ಒಪ್ಪುವುದು ತಾಯಿಗೆ ಸುಲಭವಲ್ಲ. ಅವಳು ಒಪ್ಪಿದಳು.

ಮಾರನೆಯ ದಿನದಿಂದ ಪಾಠ ಆರಂಭವಾಯಿತು. ಗುರು ಮಗಳು, ಶಿಷ್ಯೆ ತಾಯಿ. ಓದುಗರ ಉಪಯೋಗಕ್ಕೆ ಸಾರವನ್ನು ಬರೆಯುತ್ತೇವೆ.

ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತಾನೇ ಕೆಳಗಿಳಿಯುತ್ತದೆ, ಅವಸರವಿಲ್ಲ. ಮೋಕಾದಲ್ಲಿ ಕೆಳಗಿನ ನೀರು ಹಬೆಯ ಒತ್ತಡಕ್ಕೆ ಮೇಲೇರುತ್ತದೆ. ಒತ್ತಡ ಒಂದೆರಡು ಬಾರ್ ಮಾತ್ರ. ಎಸ್ಪ್ರೆಸೋ ಯಂತ್ರದಲ್ಲಿ ಪಂಪು ಸುಮಾರು ೯ ಬಾರ್ ಒತ್ತಡದಿಂದ ನೀರನ್ನು ನುಗ್ಗಿಸುತ್ತದೆ. ಆದುದರಿಂದ ಮೋಕಾದ ಕಾಫಿ ಗಟ್ಟಿಯಾದುದು, ರುಚಿಯಾದುದು, ಆದರೆ ನಿಜವಾದ ಎಸ್ಪ್ರೆಸೋ ಅಲ್ಲ. ಇಟಲಿಯ ಅಂಗಡಿಯ ಅಳತೆ ಒಂದು ಬಟ್ಟಲಿಗೆ ಸುಮಾರು ೭ ಗ್ರಾಂ ಪುಡಿ, ೨೫ ಸೆಕೆಂಡು, ೨೫ ಮಿಲಿಲೀಟರು ಕಾಫಿ.

ಮಗಳ ಮನೆಯಲ್ಲಿ ಇಬ್ಬರಿಗೆ ೧೮ ಗ್ರಾಂ ಪುಡಿ. ಅಳಿಯಂದಿರು ಅದನ್ನು ಬಂಗಾರ ತೂಗುವಂತೆ ತಕ್ಕಡಿಯಲ್ಲಿ ತೂಗುತ್ತಾರೆ. ಪುಡಿಯನ್ನು ಜಾಳಿಗೆಯ ಬಟ್ಟಲಿನಲ್ಲಿ ಎಲ್ಲ ಕಡೆಗೂ ಸಮನಾಗಿ ಹರಡಿ, ಓರೆಯಾಗದಂತೆ ಒತ್ತಬೇಕು. ಒಂದು ಕಡೆ ಸಡಿಲವಾದರೆ ನೀರು ಕಳ್ಳನಂತೆ ಅಲ್ಲಿಂದಲೇ ನುಸುಳುತ್ತದೆ. ೨೫ರಿಂದ ೩೦ ಸೆಕೆಂಡಿನಲ್ಲಿ ೩೬ ಗ್ರಾಂ ಕಾಫಿ ಇಳಿಯಬೇಕು. ಹತ್ತೇ ಸೆಕೆಂಡಿನಲ್ಲಿ ಸುರಿದುಬಿಟ್ಟರೆ ಹುಳಿ ಮತ್ತು ನೀರುನೀರು. ಇನ್ನೂ ನುಣ್ಣಗೆ ಬೀಸಬೇಕು. ಐವತ್ತು ಸೆಕೆಂಡು ತೊಟ್ಟಿಕ್ಕಿದರೆ ಕಹಿ. ಸ್ವಲ್ಪ ತರಿಯಾಗಿ ಬೀಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಬದಲಾಯಿಸಿದರೆ ತಪ್ಪು ಯಾವುದೆಂದು ತಿಳಿಯದು. ನಮ್ಮಾಕೆ ಮೂರನೆಯ ದಿನಕ್ಕೆ ತಕ್ಕಡಿ ಬಿಟ್ಟು ನಾಲಿಗೆಯಿಂದಲೇ ಹೇಳತೊಡಗಿದಳು. ಸಾರಿನ ಹುಳಿ ನೋಡಿದ ನಾಲಿಗೆಗೆ ಇದೇನು ಮಹಾ?

ಯಂತ್ರಕ್ಕೆ ಹಣ ಸುರಿಯುವ ಮುಂಚೆ ಒಳ್ಳೆಯ ಬೀಸುವ ಯಂತ್ರಕ್ಕೆ ಸುರಿಯಿರಿ ಎಂಬುದು ಅಳಿಯಂದಿರ ಮಾತು. ಅಲಗಿನಿಂದ ಕೊಚ್ಚುವ ಮಿಕ್ಸಿ ಆಗದು. ಕಾಳುಗಳು ಒಂದು ದಪ್ಪ ಒಂದು ಸಣ್ಣ ಆಗುತ್ತವೆ. ಬೀಸುಕಲ್ಲಿನ ಹಾಗೆ ಎರಡು ಹಲ್ಲುಗಳ ನಡುವೆ ಅರೆಯುವಂಥದು ಬೇಕು. ಕೈಯಲ್ಲಿ ತಿರುಗಿಸುವುದಾದರೂ ಸಾಕು.

ಐದನೆಯ ದಿನ ನಮ್ಮಾಕೆ ಕುರ್ಚಿ ಹತ್ತಿ ಹಿತ್ತಾಳೆಯ ಫಿಲ್ಟರನ್ನು ಇಳಿಸಿದಳು. ಒಮೇನ್ಯದ ಬೀಜವನ್ನು ಎಸ್ಪ್ರೆಸೋಗಿಂತ ತರಿಯಾಗಿ ಬೀಸಿ, ಕುದಿ ಬಂದಿಳಿದ ನೀರು ಹಾಕಿ, ಮುಚ್ಚಿಟ್ಟಳು. ಹಾಲಿನ ಪೆಟ್ಟಿಗೆ ಕೈಗೆ ತೆಗೆದುಕೊಂಡು, "ಇದು ಎಷ್ಟು ದಿನದ ಹಾಲು?" ಎಂದಳು. ತಿಂಗಳುಗಟ್ಟಲೆ ಕೆಡದ ಹಾಲು! ಮಗಳು ಓಡಿಹೋಗಿ ತಂಪುಪೆಟ್ಟಿಗೆಯಲ್ಲಿಡುವ ಹೊಸ ಗಟ್ಟಿ ಹಾಲು ತಂದಳು. ಕಾಫಿ ಬಂದಿತು. ಚಿಕೋರಿ ಇಲ್ಲದ ಕೊರತೆ ಇದ್ದಿತು, ಲೋಟ ಬಟ್ಟಲಿಲ್ಲದೆ ಎರಡು ಗಾಜಿನ ಲೋಟಗಳಲ್ಲಿ ಎತ್ತಿ ಸುರಿದೆವು. ಮಗಳು ಒಂದು ಗುಟುಕು ಕುಡಿದು, "ಅಜ್ಜಿ ಮನೆ" ಎಂದಳು. ಅಷ್ಟೇ ಅಂದುದು.

ಬರುವಾಗ ನಾವು ಒಂದು ಮೋಕಾ ಪಾತ್ರೆಯನ್ನು ತಂದೆವು. ಕೊಳ್ಳುವ ಮನಸ್ಸಿರುವವರಿಗೆ ಎರಡು ಮಾತು. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯದು. ನಮ್ಮ ಗ್ಯಾಸಿನ ಒಲೆಯ ಕಾಲುಗಳ ನಡುವೆ ಚಿಕ್ಕ ಪಾತ್ರೆ ನಿಲ್ಲದೆ ವಾಲುತ್ತದೆ. ಮೇಲೊಂದು ಕಬ್ಬಿಣದ ಜಾಲರಿ ಇಡಬೇಕು. ನೀರು ಒಳಗಿನ ಕವಾಟದ ಕೆಳಗೇ ನಿಲ್ಲಬೇಕು, ಪುಡಿಯನ್ನು ತುಂಬಬೇಕೇ ಹೊರತು ಒತ್ತಬಾರದು, ಉರಿ ಸಣ್ಣಗಿರಬೇಕು, ಗೊರಗೊರ ಸದ್ದು ಬಂದ ಒಡನೆಯೇ ಇಳಿಸಬೇಕು. ಆ ಸದ್ದನ್ನು ಕೇಳುತ್ತ ನಿಂತರೆ ಕಾಫಿ ಸುಟ್ಟಿತೆಂದೇ ಲೆಕ್ಕ.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಫಿಲ್ಟರು, ಮಧ್ಯಾಹ್ನ ಒಮ್ಮೊಮ್ಮೆ ಮೋಕಾ. ಪುಡಿ ಕೊಳ್ಳುವುದನ್ನು ಬಿಟ್ಟಿದ್ದೇವೆ. ಚಿಕ್ಕಮಗಳೂರಿನಿಂದ ಹುರಿದ ಬೀಜ ತರಿಸುತ್ತೇವೆ, ಬೇಕಾದಷ್ಟೇ ಬೀಸುತ್ತೇವೆ. ಬಾಬಾ ಬುಡನ್ ಅವರು ೧೭ನೆಯ ಶತಮಾನದಲ್ಲಿ ಅದೇ ಮೋಕಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟರೆಂದು ಹೇಳುತ್ತಾರಲ್ಲ, ಅವರು ಪುಡಿ ತಂದಿದ್ದರೆ ನಮಗೆ ಏನು ಸಿಗುತ್ತಿತ್ತು ಎಂದು ನಮ್ಮಾಕೆ ಬೀಸುವಾಗ ಕೇಳುತ್ತಾಳೆ. ನಮ್ಮ ಬಳಿ ಉತ್ತರವಿಲ್ಲ.

ಮಿಲಾನಿಗೆ ಹೋಗುವವರ ಕೈಯಲ್ಲಿ ಈಗಲೂ ಪೊಟ್ಟಣ ಹೋಗುತ್ತದೆ. ಒಳಗೆ ಬೀಜ, ಕಾಲೇ ಕಿಲೋ, ಮೇಲೆ ಹುರಿದ ತಾರೀಖು, ಪಕ್ಕದಲ್ಲಿ ಬೆರಳುದ್ದದ ಪೊಟ್ಟಣದಲ್ಲಿ ಚಿಕೋರಿ. ಹೋದ ತಿಂಗಳು ಮಗಳ ಫೋನು ಬಂದಿತು. "ಅಮ್ಮ, ಬೀಜ ಮುಗಿಯಿತು. ಯಾರಾದರೂ ಬರುವವರಿದ್ದಾರಾ?"

ಮುಗಿಯಿತು ಎಂಬ ಮಾತನ್ನು ಅವಳ ಬಾಯಲ್ಲಿ ನಾವು ಕೇಳಿದುದು ಅದೇ ಮೊದಲು. ಬರುವ ತಿಂಗಳು ಆ ಕಡೆಗೆ ಹೊರಟಿರುವವರು ನಮ್ಮ ಸಂಘದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು. ಪೊಟ್ಟಣ ಚಿಕ್ಕದು, ಭಾರವಾಗದು.